ಅಪ್‌ಡೇಟ್: ಪೊದೆ ತೆಗೆಯೋಕೆ ಕೊನೆಗೂ ಗಾಡಿ ಬಂತು

ಹೋದ ಸಲ ಕೇಳಿದ್ದೆನಲ್ಲ, ಮುಳ್ಳುಪೊದೆ ಹಬ್ಬಿರೋ ಜಮೀನಿಗೆ ಚಕ್ರದ ಸ್ಕಿಡ್ ಸ್ಟೀರೋ (ಮುಂದೆ ಬೇರೆ ಬೇರೆ ಸಲಕರಣೆ ಸಿಕ್ಕಿಸೋ ಪುಟ್ಟ ಲೋಡರ್) ಇಲ್ಲಾ ಚಕ್ರದ ಬದಲು ಪಟ್ಟಿ ಮೇಲೆ ಓಡೋ ಟ್ರ್ಯಾಕಿನದೋ, ಪೊದೆನ ಅಲ್ಲೇ ಪುಡಿ ಮಾಡೋ ಮಲ್ಚರ್ ಬೇಕೋ ಬೇಡವೋ ಅಂತ. ಟ್ರ್ಯಾಕಿನದೇ ತಗೊಂಡೆ, ಹಳೇದು. ಕಡಿದ ಗಿಡದ ಮೊನಚು ಬುಡಗಳು ಟೈರಿಗೆ ಶನಿ ಅಂದಿದ್ರಿ, ನೂರಕ್ಕೆ ನೂರು ನಿಜ. ಒದ್ದೆ ಮಣ್ಣಲ್ಲೂ ಹೂತುಕೊಳ್ಳಲಿಲ್ಲ.

ಮಲ್ಚರ್ ಆಸೆ ಬಿಟ್ಟೆ. ನಾನು ನೋಡಿದ್ದು ತಿರುಗೋಕೆ ನಿಮಿಷಕ್ಕೆ 115 ಲೀಟರ್ ಹೈಡ್ರಾಲಿಕ್ ಆಯಿಲ್ ಹರಿವು ಬೇಕು, ನನ್ನ ಗಾಡಿಯ ಪಂಪ್ ಕೊಡೋದು 85. ಹಾಗಾಗಿ ರೋಟರಿ ಬ್ರಷ್ ಕಟರ್, ಅಂದ್ರೆ ತಿರುಗೋ ಬ್ಲೇಡಿಂದ ಪೊದೆ ಕಡಿಯೋದು. ಮಣಿಕಟ್ಟಿನ ದಪ್ಪದ ಕಾಂಡದವರೆಗೂ ಸಲೀಸು. ಅದಕ್ಕಿಂತ ದಪ್ಪದ್ದನ್ನ ಚೈನ್ ಸಾದಲ್ಲಿ ಕೊಯ್ತೀನಿ. ಕಡಿದಿದ್ದನ್ನ ಮೊದಲು ಬಕೆಟ್‌ನಲ್ಲಿ ತಳ್ಳಿದೆ, ದಡ್ಡತನ! ರಾಶಿಯಲ್ಲಿ ಅರ್ಧಕ್ಕರ್ಧ ಮೇಲ್ಮಣ್ಣೇ. ಈಗ ರೂಟ್ ಗ್ರ್ಯಾಪಲ್ ಇದೆ, ಹಲ್ಲುಗಳಿರೋ ದೊಡ್ಡ ಇಕ್ಕಳದ ಥರದ್ದು. ಹಲ್ಲುಗಳ ಸಂದಿಯಿಂದ ಮಣ್ಣು ಉದುರುತ್ತೆ, ಪೊದೆ ಮಾತ್ರ ಬರುತ್ತೆ.

ಯಾರೂ ಹೇಳದೇ ಇದ್ದ ವಿಷಯ ರೇಡಿಯೇಟರ್. ಮೊದಲ ದಿನ ಎರಡೇ ಗಂಟೆ ಓಡಿಸೋದ್ರೊಳಗೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು. ಹಿಂಬಾಗಿಲು ತೆಗೆದರೆ ಒಣ ಎಲೆ, ಹುಲ್ಲಿನ ಹೊಟ್ಟು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಈಗ ಊಟಕ್ಕೆ ಮೊದಲೊಮ್ಮೆ, ಸಂಜೆಯೊಮ್ಮೆ ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಒಳಗಿಂದ ಹೊರಕ್ಕೆ ಗಾಳಿ ಹೊಡೀತೀನಿ.

ಕ್ಯಾಬಿನ್ನಿನ ಮುಂದಿರೋ ಪಾಲಿಕಾರ್ಬೊನೇಟ್ (ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್) ಬಾಗಿಲು ದಂಡ ಅಂದುಕೊಂಡಿದ್ದೆ. ಮೂರನೇ ದಿನ ಹೆಬ್ಬೆರಳುದ್ದದ ಚಕ್ಕೆಯೊಂದು ಸರಿಯಾಗಿ ಮುಖದ ಎದುರಿಗೇ ಬಂದು ಬಡೀತು. ಬಿಳೀ ಗೀರು ಇನ್ನೂ ಇದೆ.

ಬುಡಗಳು ಆಗಲೇ ಚಿಗುರುತ್ತಿವೆ. ಗ್ರ್ಯಾಪಲ್ ಹಲ್ಲಿಗೆ ಸಿಕ್ಕಿದ್ದನ್ನ ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಬೇರುಸಮೇತ ಕೀಳ್ತಿದೀನಿ. ಮಿಕ್ಕಿದ್ದಕ್ಕೆ ಮುಂದಿನ ವರ್ಷ ಮತ್ತೆ ಕಟರ್.