ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿದ್ರೆ ವೈಫೈ ಕಟ್ ಆಗ್ತಿದೆ (ಉಬುಂಟು 22.04)

ತುಂಗಾತೀರ:
ಎಲ್ರಿಗೂ ನಮಸ್ಕಾರ. ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡ್ ಕೆಟ್ಟಿರೋದ್ರಿಂದ ಚಿಕ್ಕ ಯುಎಸ್‌ಬಿ ಡಾಂಗಲ್ (ಪೋರ್ಟಿಗೆ ಚುಚ್ಚೋ ವೈಫೈ ಅಡಾಪ್ಟರ್) ಹಾಕ್ಕೊಂಡಿದೀನಿ, ಆರಾಮಾಗಿ ನಡೀತಿತ್ತು. ಈಗ ಅಪ್ಪನ ಫೋಟೋಗಳನ್ನೆಲ್ಲ ಕ್ಲೌಡ್‌ನಿಂದ ಇಳಿಸಿ ಒಂದ್ಕಡೆ ಇಡೋಣ ಅಂತ 2 ಟಿಬಿ ಡಿಸ್ಕ್ ತಂದು ಡಾಂಗಲ್ ಪಕ್ಕದ ಪೋರ್ಟಿಗೇ ಹಾಕಿದೆ, ಡಿಸ್ಕಿಗೆ ಫೈಲ್ ಬರೆಯೋಕೆ ಶುರು ಆದ ತಕ್ಷಣ ನೆಟ್ ಒದ್ದಾಡತ್ತೆ, ರೂಟರ್‌ಗೆ ಪಿಂಗ್ ಮಾಡಿದ್ರೆ (ಉತ್ತರ ಬರೋಕೆ ಎಷ್ಟು ಹೊತ್ತು ಅಂತ ನೋಡಿದ್ರೆ) 2-3 ಮಿಲಿಸೆಕೆಂಡ್ ಬರ್ತಿದ್ದಿದ್ದು ಸಾವಿರ ದಾಟಿ ಆಮೇಲೆ ಪೂರ್ತಿ ಟೈಮ್‌ಔಟ್. ಡಿಸ್ಕ್ ತೆಗೆದ್ರೆ ಸರಿ ಹೋಗತ್ತೆ. ಡ್ರೈವರ್ ಕಾನ್‌ಫ್ಲಿಕ್ಟಾ? ಉಬುಂಟು ಮತ್ತೆ ಇನ್‌ಸ್ಟಾಲ್ ಮಾಡ್ಬೇಕಾ?

ಕರ್ನಲ್‌ಕಟ್ಟೆ:
ರೀಇನ್‌ಸ್ಟಾಲ್ ಖಂಡಿತ ಬೇಡ. ಒಂದು ಟರ್ಮಿನಲ್‌ನಲ್ಲಿ ‘ಸುಡೊ ಡಿಮೆಸೇಜ್ -ಡಬ್ಲ್ಯೂ’ (sudo dmesg -w, ಕರ್ನಲ್ ಅಂದ್ರೆ ಲಿನಕ್ಸ್‌ನ ತಿರುಳು ಬರೆಯೋ ಲಾಗ್ ತೋರ್ಸತ್ತೆ) ಓಡಿಸಿಟ್ಟು ಆಮೇಲೆ ಡಿಸ್ಕ್ ಹಾಕಿ. ‘ಯುಎಸ್‌ಬಿ ಡಿಸ್‌ಕನೆಕ್ಟ್’ ಅಥ್ವಾ ‘ಓವರ್ ಕರೆಂಟ್’ ಅಂತ ಬಂದ್ರೆ ಪವರ್ ಸಾಕಾಗ್ತಿಲ್ಲ ಅಂತ, ಸ್ವಂತ ಅಡಾಪ್ಟರ್ ಇರೋ ಹಬ್ ಬೇಕು. ‘ಯುಎಎಸ್ ಅಬಾರ್ಟ್’ (ಯುಎಎಸ್ ಅಂದ್ರೆ ಯುಎಸ್‌ಬಿ ಡಿಸ್ಕಿಗೆ ಡೇಟಾ ಕಳಿಸೋ ಒಂದು ವಿಧಾನ) ಅಂತ ಸಾಲುಸಾಲು ಬಂದ್ರೆ ಡಿಸ್ಕ್ ಡಬ್ಬಿಯೊಳಗಿನ ಬ್ರಿಡ್ಜ್ ಚಿಪ್ (ಡಿಸ್ಕನ್ನ ಯುಎಸ್‌ಬಿಗೆ ಜೋಡಿಸೋ ಚಿಪ್) ಕಡೆ ನೋಡ್ಬೇಕು. ‘ಎಲ್‌ಎಸ್‌ಯುಎಸ್‌ಬಿ -ಟಿ’ (lsusb -t, ಯಾವ ಯುಎಸ್‌ಬಿ ಸಾಧನ ಎಷ್ಟು ವೇಗದಲ್ಲಿದೆ ಅಂತ ತೋರ್ಸತ್ತೆ) ಔಟ್‌ಪುಟ್ ಕೂಡ ಇಲ್ಲಿ ಹಾಕಿ.

ತುಂಗಾತೀರ:
ಥ್ಯಾಂಕ್ಸ್ ಸರ್. ಡಿಮೆಸೇಜ್‌ನಲ್ಲಿ ಎರರ್ ಒಂದೂ ಇಲ್ಲ, ಡಿಸ್ಕ್ ನೀಟಾಗಿ ಮೌಂಟ್ ಆಗತ್ತೆ. ಡಿಸ್ಕ್ 5000ಎಂ (ಯುಎಸ್‌ಬಿ 3 ವೇಗ) ಅಂತ ತೋರ್ಸತ್ತೆ, ಡಾಂಗಲ್ 480ಎಂ (ಯುಎಸ್‌ಬಿ 2). ವೈಫೈ 2.4 ಗಿಗಾಹರ್ಟ್ಜ್, ಡಾಂಗಲ್‌ಗೆ 5 ಗಿಗಾಹರ್ಟ್ಜ್ ಬರಲ್ಲ.

ಅಲೆಮಾರಿ_ಆಂಟೆನಾ:
ಹಾಗಾದ್ರೆ ಇದು ಸಾಫ್ಟ್‌ವೇರ್ ಸಮಸ್ಯೆನೇ ಅಲ್ಲ, ರೇಡಿಯೋ ನಾಯ್ಸ್. ಯುಎಸ್‌ಬಿ 3 ವೈರ್‌ನಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ಹರಿಯುವಾಗ ಅದರಿಂದ ಹೊರಡೋ ಗದ್ದಲ 2.4ರಿಂದ 2.5 ಗಿಗಾಹರ್ಟ್ಜ್ ತನಕ ಹರಡಿಕೊಂಡಿರತ್ತೆ, ಅಂದ್ರೆ ನಿಮ್ಮ ವೈಫೈ ಬ್ಯಾಂಡ್ ಮೇಲೇ. ಇಂಟೆಲ್‌ನವರು 2012ರಲ್ಲೇ ಇದನ್ನ ಅಳೆದು ಪೇಪರ್ ಬರೆದಿದಾರೆ. ಪೋರ್ಟ್, ಕೇಬಲ್, ಡಿಸ್ಕಿನ ಡಬ್ಬಿ ಮೂರರಿಂದಲೂ ಸೋರತ್ತೆ, ನಿಮ್ಮ ಡಾಂಗಲ್ ಆಂಟೆನಾ ಅದರ ಪಕ್ಕದಲ್ಲೇ ಕೂತಿದೆ. ಸಂದರ್ಭ ಸಿಕ್ಕಿದ್ರೆ ಇದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಹಾಕಿ ನೋಡಿ, ಅಲ್ಲೂ ಇದೇ ಕಥೆ, ಸುಮ್ನೆ ಲಿನಕ್ಸ್ ಮೇಲೆ ಗೂಬೆ ಕೂರಿಸ್ತಾರೆ ಜನ. ಚಾನೆಲ್ ಬದಲಾಯಿಸಿದ್ರೂ ಹೆಚ್ಚು ಉಪಯೋಗ ಇಲ್ಲ, ಗದ್ದಲ ಪೂರ್ತಿ ಬ್ಯಾಂಡಲ್ಲಿದೆ. ಡಾಂಗಲ್‌ಗೆ ಒಂದು ಮೀಟರ್ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಿಸ್ಕಿಂದ ದೂರ ಇಡಿ. ಕೇಬಲ್ ಸಿಗೋವರೆಗೂ ಡಿಸ್ಕನ್ನ ಯುಎಸ್‌ಬಿ 2 ಪೋರ್ಟಿಗೆ ಹಾಕಿ, ಸ್ಪೀಡ್ ಸೆಕೆಂಡಿಗೆ 35-40 ಎಂಬಿಗೆ ಇಳಿಯತ್ತೆ ಆದ್ರೆ ನೆಟ್ ಉಳಿಯತ್ತೆ.

ಹಳೇಮದರ್‌ಬೋರ್ಡ್:
ಡೆಸ್ಕ್‌ಟಾಪ್‌ನಲ್ಲಿ ಪಿಸಿಐ ನೆಟ್‌ವರ್ಕ್ ಕಾರ್ಡ್ ಇರೋರು ಇದೊಂದನ್ನೂ ನೋಡ್ಕೊಳ್ಳಿ. ಹಳೇ ಬೋರ್ಡ್‌ಗಳಲ್ಲಿ ಕಾರ್ಡೂ ಯುಎಸ್‌ಬಿ ಕಂಟ್ರೋಲರೂ ಒಂದೇ ಇಂಟರಪ್ಟ್ ಲೈನ್ (ಐಆರ್‌ಕ್ಯೂ, ಸಾಧನ ಪ್ರೊಸೆಸರನ್ನ ಕರೆಯೋ ದಾರಿ) ಹಂಚ್ಕೊಂಡಿರತ್ತೆ, ಲಾಗ್‌ನಲ್ಲಿ ‘ಐಆರ್‌ಕ್ಯೂ 16: ನೋಬಡಿ ಕೇರ್ಡ್’ ಅಂತ ಬಂದು ಕರ್ನಲ್ ಆ ಲೈನನ್ನೇ ಬಂದ್ ಮಾಡತ್ತೆ, ಆಗ ನಿಜವಾಗ್ಲೂ ಎರಡೂ ಜಗಳ. ಕಾರ್ಡನ್ನ ಬೇರೆ ಸ್ಲಾಟಿಗೆ ಬದಲಾಯಿಸಿದ್ರೆ ಎಷ್ಟೋ ಸಲ ಬಗೆಹರಿಯತ್ತೆ.

ತುಂಗಾತೀರ:
ಎಕ್ಸ್‌ಟೆನ್ಷನ್ ಹಾಕಿ ಡಾಂಗಲನ್ನ ಕಿಟಕಿ ಸರಳಿಗೆ ಕಟ್ಟಿದೆ, ಡೌನ್‌ಲೋಡ್ ನಡೀತಿರುವಾಗ್ಲೂ ಪಿಂಗ್ 3-4 ಮಿಲಿಸೆಕೆಂಡಲ್ಲೇ ಇದೆ, ತುಂಬಾ ತುಂಬಾ ಥ್ಯಾಂಕ್ಸ್. ಮುಂದಕ್ಕೆ 5 ಗಿಗಾಹರ್ಟ್ಜ್ ಡಾಂಗಲ್ ತಗೋಳೋದಾದ್ರೆ ಯಾವ ಚಿಪ್ ನೋಡ್ಲಿ?

ಅಲೆಮಾರಿ_ಆಂಟೆನಾ:
ಮೀಡಿಯಾಟೆಕ್ ಎಂಟಿ7612ಯು ಇರೋದು ನೋಡಿ. ಡ್ರೈವರ್ 4.19ನೇ ಆವೃತ್ತಿಯಿಂದಲೇ ಕರ್ನಲ್ ಒಳಗಿದೆ, ಉಬುಂಟು 22.04 ಬಂದಿದ್ದೇ ಕರ್ನಲ್ 5.15 ಜೊತೆ, ಹಾಗಾಗಿ ಡ್ರೈವರನ್ನ ನಾವೇ ಕಂಪೈಲ್ ಮಾಡೋ ಗೋಳಿಲ್ಲ. ಆದ್ರೆ ಅದು ಯುಎಸ್‌ಬಿ 3 ಡಾಂಗಲ್, 2.4ರಲ್ಲಿ ಅದರದ್ದೇ ಗದ್ದಲ ಕಾಡಬಹುದು, ಹಾಗಾಗಿ 5 ಗಿಗಾಹರ್ಟ್ಜ್‌ನಲ್ಲೇ ಬಳಸಿ.