ಸಹಾಯ ಬೇಕು: ಮಗಳ ಉಬ್ಬಸಕ್ಕೆ ಹೊಸ ಮ್ಯಾಟ್ ಕಾರಣ ಇರಬಹುದಾ?

ನಮಸ್ಕಾರ, ನಾವು ಕಾರವಾರದ ಕೋಡಿಬಾಗದವರು. ಆರು ವರ್ಷದ ಮಗಳಿಗೆ ಅಲರ್ಜಿ ಅಸ್ತಮಾ. ಡಾಕ್ಟರ್ ಹೇಳಿದ ಇನ್‌ಹೇಲರ್ ತಪ್ಪಿಸುತ್ತಿಲ್ಲ. ಆದರೂ ಮಳೆಗೆ ಕಿಟಕಿ ಮುಚ್ಚಿ ಸೊಳ್ಳೆ ಕಾಯಿಲ್ ಹಚ್ಚಿದ ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದಳು, ಎದೆಯಲ್ಲಿ ಸುಂಯ್ ಸುಂಯ್. ಒಂದು ಕಾಯಿಲ್ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬರುತ್ತವೆ ಎಂದು 2003ರ ಅಧ್ಯಯನವೊಂದರಲ್ಲಿದೆ. ಓದಿ ಬೆಚ್ಚಿಬಿದ್ದೆ. ಈಗ ಸೊಳ್ಳೆಪರದೆ ಕಟ್ಟಿದ್ದೇವೆ. ಉಬ್ಬಸ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಈಗ ಅನುಮಾನ ಹಾಲ್‌ನ ಹೊಸ ವಿನೈಲ್ ಮ್ಯಾಟ್ ಮೇಲೆ. ಅದನ್ನು ಮೆತ್ತಗೆ ಮಾಡಲು ಬಳಸುವ ಥ್ಯಾಲೇಟ್ ಎಂಬ ರಾಸಾಯನಿಕ ಮನೆಯ ಧೂಳಿಗೆ ಸೇರುತ್ತದಂತೆ. ಸ್ವೀಡನ್‌ನಲ್ಲಿ ಅಂಥ ಧೂಳಿಗೂ ಮಕ್ಕಳ ಅಸ್ತಮಾಕ್ಕೂ ನಂಟು ಕಂಡಿದೆ. (ನಮ್ಮತ್ತೆಗೆ ಫಿನಾಯಿಲ್ ವಾಸನೆ ಬರದಿದ್ದರೆ ನೆಲ ಒರೆಸಿದ ಹಾಗೇ ಅಲ್ಲ, ಅದು ಬೇರೆ ಕಥೆ.)

ಮ್ಯಾಟ್ ತೆಗೆದವರು ಇದ್ದೀರಾ? ವ್ಯತ್ಯಾಸ ಆಯ್ತಾ? ಸುಮ್ನೆ ಬಿಸಿನೀರು, ಸೋಪಲ್ಲಿ ಒರೆಸಿದರೆ ಸಾಕಾ?