ಲಾಲ್‌ಬಾಗ್ ಸುತ್ತ ನಿಧಿ ಹುಡುಕಾಟ: 41ನೇ ಕೊಂಡಿ ಎಲ್ಲಿ, ಹೇಗೆ ಬಚ್ಚಿಡೋದು?

ಕೇಳಿದ್ದು: ಡಿಸೆಂಬರ್‌ನಲ್ಲಿ ಲಾಲ್‌ಬಾಗ್–ಬಸವನಗುಡಿ ಸುತ್ತ ಒಂದು ಒಗಟಿನ ಜಿಯೋಕ್ಯಾಶ್ (ಅಕ್ಷಾಂಶ ರೇಖಾಂಶದ ಅಂಕಿ ಹಿಡಿದು ಹುಡುಕುವ ಡಬ್ಬಿ) ಇಡಬೇಕು ಅಂತಿದೆ. 1800ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಲ್ಲಿ 100 ಅಡಿಯ ಉಕ್ಕಿನ ಸರಪಳಿ ಹಿಡಿಸಿ ನೆಲ ಅಳೆದದ್ದು ನಿಜ. ಅದರ 41ನೇ ಕೊಂಡಿ ನಮ್ಮೂರ ಚೈನ್‌ಮನ್ (ಅಂದರೆ ಸರಪಳಿ ಹಿಡಿಯುವ ಆಳು) ಒಬ್ಬನ ಬಳಿ ಉಳಿದುಹೋಯಿತು, ಬಚ್ಚಿಟ್ಟ ಜಾಗವನ್ನು ಅವನು ಒಂದು ಪತ್ರದಲ್ಲಿ ಗುಟ್ಟಾಗಿ ಬರೆದಿಟ್ಟ ಅನ್ನುವುದು ನಾನು ಕಟ್ಟಿದ ಕಥೆ. ಹತ್ತು ವರ್ಷದ ಮಕ್ಕಳೂ ಆಡುವಂತಿರಬೇಕು. ಅಂಕಿ ಅಡಗಿಸೋದು ಹೇಗೆ, ಡಬ್ಬಿ ಯಾವುದು, ಇಡೋದು ಎಲ್ಲಿ? ಗೊತ್ತಿದ್ದವರು ಹೇಳಿ.

ಜಯನಗರದಿಂದ: ಕಥೆ ಬಹಳ ಚೆನ್ನಾಗಿದೆ. ಆದರೆ ಕಥೆ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಆದರೆ ಆಡುವವರು ಕಥೆ ಬಿಟ್ಟು ಸೀದಾ ಅಂಕಿಗೆ ಹಾರುತ್ತಾರೆ. ಅಂಕಿ ಕಥೆಯ ಹೊಟ್ಟೆಯಿಂದಲೇ ಬರಬೇಕು. ಲ್ಯಾಂಬ್ಟನ್ನನ ಸರಪಳಿಯಲ್ಲಿ ಇದ್ದದ್ದು ಎರಡೂವರೆ ಅಡಿಯ 40 ಸರಳು. ಪತ್ರದಲ್ಲಿ ಚೈನ್‌ಮನ್ "ಬೇವಿನ ಮರದಿಂದ ಮೂಡಲಿಗೆ ಮೂರು ಸರಪಳಿ, ಹನ್ನೆರಡು ಸರಳು ನಡೆದೆ" ಅಂತ ಬರೆಯಲಿ. 300 ಕೂಡಿಸು 30, ಅಂದರೆ 330. ಮೂಡಲಿಗೆ ಅಂದದ್ದರಿಂದ ಇದು ರೇಖಾಂಶದ ಕೊನೆಯ ಮೂರಂಕಿ.

ಇಲ್ಲೊಂದು ಗುಂಡಿ ಇದೆ. ಜಮೀನಿನ ಅಳತೆ ಗೊತ್ತಿರುವವರಿಗೆ ಸರಪಳಿ ಅಂದರೆ 33 ಅಡಿ, ಯಾಕಂದರೆ 33×33 ಅಡಿಗೆ ಒಂದು ಗುಂಟೆ. ಇಂಗ್ಲಿಷ್ ಸರ್ವೇ ಪುಸ್ತಕ ತೆಗೆದವರಿಗೆ 66 ಅಡಿ. ಒಂದೇ ಸಾಲಿಗೆ ಮೂರು ಉತ್ತರ, ಮೂರೂ ಸರಿ ಅಂತ ಜಗಳ. ಹಾಗಾಗಿ "ನೂರಡಿಯ ಸರಪಳಿ, ನಲವತ್ತು ಸರಳು, ಹೊತ್ತು ಹೊತ್ತು ಹೆಗಲು ಸವೆಯಿತು" ಎಂದು ಪತ್ರದ ಮೊದಲಲ್ಲೇ ಬರಲಿ. ಭಾಗಿಸುವ ಕೆಲಸ ಮಕ್ಕಳಿಗೆ ಬಿಡಿ.

ಆ ಸರಪಳಿ ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವಾಗಿ ಭಾರತಕ್ಕೆ ಬಂದದ್ದು. ಇಷ್ಟು ಸೊಗಸಾದ ನಿಜ ಕೈಲಿರುವಾಗ ಪತ್ರದ ಮೊದಲ ಸಾಲಿಗೆ ಬೇರೇನೂ ಬೇಡ.

ಮಲ್ಲೇಶ್ವರದಿಂದ: ಅಕ್ಷಾಂಶಕ್ಕೆ ಕಟಪಯಾದಿ ಹಾಕಿ, ಅಂದರೆ ಅಕ್ಷರಕ್ಕೊಂದು ಅಂಕಿ ಕೊಡುವ ಹಳೆಯ ಪದ್ಧತಿ, ನಮ್ಮ ಭಾಷೆಗೆ ಹೇಳಿ ಮಾಡಿಸಿದ ಬೀಗ ಅದು. ಕ, ಟ, ಪ, ಯ ನಾಲ್ಕಕ್ಕೂ 1. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲೇ ಏರುತ್ತದೆ: ಝ, ಧ ಬಂದರೆ 9, ಞ, ನ ಸೊನ್ನೆ, ಪವರ್ಗ ಮಕಾರಕ್ಕೆ, ಅಂದರೆ 5ಕ್ಕೆ ನಿಲ್ಲುತ್ತದೆ, ಯ ರ ಲ ವ ಶ ಷ ಸ ಹ 1ರಿಂದ 8. ಗುಣಿತ ಯಾವುದಿದ್ದರೂ ವ್ಯಂಜನಕ್ಕಷ್ಟೇ ಬೆಲೆ. ಓದುವುದು ಬಲದಿಂದ ಎಡಕ್ಕೆ. "ಕಮಲ" ಅಂದರೆ 1, 5, 3, ತಿರುಗಿಸಿದರೆ 351.

ಸುಳಿವಿಗೆ ರಾಗ ತರಬಹುದು: ಮಾಯಾಮಾಳವಗೌಳದ ಮಾ 5, ಯಾ 1, ತಿರುಗಿಸಿದರೆ 15, ಮೇಳಗಳ (ಕರ್ನಾಟಕ ಸಂಗೀತದ ಮೂಲ ರಾಗಗಳ) ಪಟ್ಟಿಯಲ್ಲಿ ಅದರ ಸಂಖ್ಯೆ. ಸಂಗೀತ ಕಲಿಯುವ ಮಗುವಿಗೆ ಅಲ್ಲೇ ದೀಪ ಹತ್ತುತ್ತದೆ. ಆದರೆ ಒತ್ತಕ್ಷರ ಇರುವ ಹೆಸರು ಮುಟ್ಟಬೇಡಿ. ನಿಯಮದ ಪ್ರಕಾರ ಸಂಯುಕ್ತಾಕ್ಷರದಲ್ಲಿ ಕೊನೆಯ ವ್ಯಂಜನ ಲೆಕ್ಕಕ್ಕೆ, ಹಾಗೆ ಹೋದರೆ ಚಕ್ರವಾಕ 26 ಆಗುತ್ತದೆ. ಮೇಳದ ಸಂಖ್ಯೆ 16. ಅನುಸ್ವಾರವೂ ಅಷ್ಟೇ: ಸಿಂಹೇಂದ್ರಮಧ್ಯಮ ಲೆಕ್ಕಕ್ಕೆ 87, ಮೇಳಕ್ಕೆ 57. ಳಕಾರವನ್ನೂ ಬಿಡಿ, ಲ ಅಂದುಕೊಂಡು ಓದುವವರು ಇರುತ್ತಾರೆ.

ತಾಳೆ ನೋಡಲು ಎಲ್ಲರೂ ಅಂಕಿಗಳ ಮೊತ್ತ ಕೊಡುತ್ತಾರೆ. ಇಲ್ಲಿ ಅದು ಉಪಯೋಗವಿಲ್ಲ. 351 ಮತ್ತು 153, ಎರಡರದ್ದೂ ಮೊತ್ತ 9. ತಿರುಗಿಸಲು ಮರೆತವರು "ತಾಳೆ ಆಯಿತು" ಅಂದುಕೊಂಡು ಸುಮಾರು 365 ಮೀಟರ್ ಆಚೆ ಹೋಗಿ ಹುಡುಕುತ್ತಾರೆ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ ಗುಣಿಸಿ ಕೂಡಿಸಲು ಹೇಳಿ: 351ಕ್ಕೆ 16, 153ಕ್ಕೆ 20. ತಪ್ಪು ಮನೆಯಲ್ಲೇ ಸಿಕ್ಕಿಬೀಳುತ್ತದೆ.

ಹನುಮಂತನಗರದಿಂದ: ಅಕ್ಷಾಂಶ ರೇಖಾಂಶ ಬರೆಯುವ ರೀತಿ ಮೊದಲೇ ಹೇಳಿಬಿಡಿ. ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿ, ಮಿನಿಟು, ಮಿನಿಟಿನ ಮೂರು ದಶಮಾಂಶ. ಗೂಗಲ್ ಮ್ಯಾಪ್ಸ್ ಕೊಡುವುದು ಸಾಮಾನ್ಯವಾಗಿ ಡಿಗ್ರಿಯ ದಶಮಾಂಶ. 12.9507 ಡಿಗ್ರಿ ಅಂದರೆ 12° 57.042'. ಅದನ್ನೇ 12.57042 ಅಂತ ಒತ್ತಿದವರು 42 ಕಿ.ಮೀ. ದಕ್ಷಿಣಕ್ಕೆ, ಹೆಚ್ಚುಕಡಿಮೆ ಕನಕಪುರದ ಅಕ್ಷಾಂಶಕ್ಕೆ ಹೋಗುತ್ತಾರೆ.

ಕೊನೆಯ ಅಂಕಿ ಒಂದು ಬದಲಾದರೆ ಸುಮಾರು 1.8 ಮೀಟರ್ ವ್ಯತ್ಯಾಸ. ಫೋನಿನ ಜಿಪಿಎಸ್ ಬಯಲಲ್ಲೇ ನಾಲ್ಕೈದು ಮೀಟರ್ ತಪ್ಪುತ್ತದೆ, ದಟ್ಟ ಮರದ ಕೆಳಗೆ ಅಥವಾ ಎತ್ತರದ ಕಟ್ಟಡದ ಪಕ್ಕ ಹತ್ತು ಮೀಟರ್ ದಾಟುತ್ತದೆ. ಆದ್ದರಿಂದ ಒಂದೇ ಸಲ ನೋಡಿ ಬರೆದುಕೊಳ್ಳಬೇಡಿ. ಮೂರು ಬೇರೆ ಬೇರೆ ದಿನ, ಪ್ರತಿ ಸಲ ಐದು ನಿಮಿಷ ಫೋನ್ ಅಲುಗಾಡಿಸದೆ ಇಟ್ಟು, ಮೂರರ ಸರಾಸರಿ ತೆಗೆಯಿರಿ. ಒಗಟು ಬಿಡಿಸಿ ಬಂದವರಿಗೆ ಜಾಗವೂ ತಪ್ಪಿದರೆ ಅವರು ಒಗಟನ್ನೇ ಅನುಮಾನಿಸಿ ವಾಪಸ್ಸು ಹೋಗುತ್ತಾರೆ, ಅದು ಅನ್ಯಾಯ.

ಯಲಹಂಕದಿಂದ: ಜಾಗದ ವಿಷಯ. ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯದ್ದು, ಅನುಮತಿ ಇಲ್ಲದೆ ಒಳಗೆ ಡಬ್ಬಿ ಇಡಬೇಡಿ. ಒಳಗೆ ಓದುವ ಹಂತ ಮಾತ್ರ ಇರಲಿ: ಬಂಡೆಯ ಮೇಲಿನ ಕೆಂಪೇಗೌಡ ಗೋಪುರದ ಕಂಬ ಎಣಿಸು, ಫಲಕದ ಇಸವಿ ಓದು. ಕಲ್ಲಲ್ಲಿ ಕೆತ್ತಿದ್ದನ್ನೇ ಆರಿಸಿ. ಬಣ್ಣದ ಬೋರ್ಡು ಈ ಊರಲ್ಲಿ ಯಾವಾಗ ಬದಲಾಗುತ್ತದೋ ಹೇಳಲಾಗದು. ಪಾರ್ಕಿನ ಬಾಗಿಲು ಹಾಕುವ ಹೊತ್ತನ್ನೂ ಬರೆಯಿರಿ.

ಡಬ್ಬಿ ಮಾತ್ರ ಒಪ್ಪಿದವರ ಜಾಗದಲ್ಲಿ: ಪರಿಚಯದ ಅಂಗಡಿಯ ಜಗಲಿ, ಮನೆಯ ಕಾಂಪೌಂಡ್ ಗೋಡೆಯ ಒಳಬದಿ. ಜಿಯೋಕ್ಯಾಶಿಂಗ್ ಜಾಲತಾಣದಲ್ಲಿ ಅಧಿಕೃತವಾಗಿ ದಾಖಲಿಸುವುದಾದರೆ ಬೇರೆ ಕ್ಯಾಶ್‌ನಿಂದ 161 ಮೀಟರ್ ದೂರ ಇರಬೇಕು, ಒಗಟಿನ ಪುಟದಲ್ಲಿ ತೋರಿಸಿದ ಸ್ಥಳದಿಂದ ಡಬ್ಬಿಯ ನಿಜವಾದ ಜಾಗ ಸುಮಾರು 3 ಕಿ.ಮೀ. ಒಳಗೇ ಇರಬೇಕು, ನೆಲ ಅಗೆದು ಹೂಳುವ ಹಾಗಿಲ್ಲ. ಮೆಟ್ರೋ ಕಂಬ, ಮೇಲ್ಸೇತುವೆ, ಸೇನೆಯ ಜಾಗದ ಬೇಲಿ, ಶಾಲೆಯ ಗೋಡೆ, ಟ್ರಾನ್ಸ್‌ಫಾರ್ಮರ್, ಇವುಗಳ ಹತ್ತಿರಕ್ಕೂ ಹೋಗಬೇಡಿ. ಹುಡುಕುವ ಮಗು ಕೈ ಹಾಕುವ ಪೊಟರೆಯೂ ಬೇಡ, ಹಾವಿರುತ್ತದೆ, ಚೇಳಿರುತ್ತದೆ.

ರಾಜಾಜಿನಗರದಿಂದ: ಸ್ಟೀಲ್ ಟಿಫಿನ್ ಡಬ್ಬಿ ಖಂಡಿತ ಬೇಡ. ಮೂಲೆಯಲ್ಲಿ ಒಂಟಿಯಾಗಿ ಬಿದ್ದ ಸ್ಟೀಲ್ ಡಬ್ಬಿ ಕಂಡರೆ ಜನ ಪೊಲೀಸರನ್ನು ಕರೆಯುತ್ತಾರೆ, ಕರೆಯಲೂ ಬೇಕು. ಒಳಗಿರುವುದು ಹೊರಗೆ ಕಾಣುವ, ನಾಲ್ಕು ಕಡೆ ಕ್ಲಿಪ್ ಇರುವ, ಮುಚ್ಚಳದಲ್ಲಿ ರಬ್ಬರ್ ಇರುವ ಅರ್ಧ ಲೀಟರಿನ ಪಾರದರ್ಶಕ ಡಬ್ಬಿ ತನ್ನಿ. ಹೊರಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ "ಇದು ಹುಡುಕಾಟದ ಆಟದ ಡಬ್ಬಿ" ಎಂದು ದೊಡ್ಡದಾಗಿ ಅಂಟಿಸಿ.

ನೀರು ಒಳಗೆ ಹೋಗುವುದು ಹೆಚ್ಚಾಗಿ ಡಬ್ಬಿಯ ತಪ್ಪಿನಿಂದಲ್ಲ. ಹೆಸರು ಬರೆಯುವ ಪುಸ್ತಕವನ್ನು ಜಿಪ್ ಕವರಿನಲ್ಲಿಟ್ಟು ಮುಚ್ಚುವಾಗ ಕವರಿನ ಒಂದು ಮೂಲೆ ರಬ್ಬರಿನ ಮೇಲೆ ಸಿಕ್ಕಿಕೊಂಡಿರುತ್ತದೆ. ಆ ಕೂದಲೆಳೆ ಸಂದಿ ಸಾಕು, ಒಂದೇ ಮಳೆಗೆ ಪುಸ್ತಕ ಗಂಜಿ. ಕವರು ಡಬ್ಬಿಗಿಂತ ಎರಡು ಬೆರಳು ಚಿಕ್ಕದಿರಲಿ. ಜೆಲ್ ಪೆನ್ ಬೇಡ, ಮೊಂಡು ಪೆನ್ಸಿಲ್ ಇಡಿ. ಸಿಲಿಕಾ ಜೆಲ್ ಪೊಟ್ಟಣ ನಂಬಬೇಡಿ. ಡಬ್ಬಿ ತೆಗೆದಾಗಲೆಲ್ಲ ತೇವ ಹೀರಿ ಬೇಗ ಸತ್ತುಹೋಗುತ್ತದೆ. ಚಾಕಲೇಟು, ಕಡಲೆಕಾಯಿ ಏನೂ ಇಡಬೇಡಿ, ಇರುವೆ ಮುತ್ತುತ್ತದೆ. ಡಿಸೆಂಬರ್ ಒಳ್ಳೆಯ ಕಾಲ, ಮೇ ತಿಂಗಳ ಗಾಳಿಮಳೆಗೆ ಮುಂಚೆ ಒಮ್ಮೆ ಹೋಗಿ ನೋಡಿ.

ನಿಧಿಗೆ ಎರಡು ಇಂಚಿನ ಹಿತ್ತಾಳೆ ಕೊಂಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಮೇಲೆ 41 ಕೆತ್ತಿಸಿ, ನೈಲಾನ್ ದಾರದಿಂದ ಡಬ್ಬಿಗೇ ಕಟ್ಟಿ. ಇಲ್ಲವಾದರೆ ಮೊದಲು ಸಿಕ್ಕವರ ಜೇಬಿಗೆ ಹೋಗುತ್ತದೆ.

ಕೇಳಿದವರು ಮತ್ತೆ: ಎಲ್ಲರಿಗೂ ಧನ್ಯವಾದ. ಕಟಪಯಾದಿ ಕೇಳಿಯೇ ಇಲ್ಲದವರು ಏನು ಮಾಡಬೇಕು? ಪತ್ರ ಎಷ್ಟು ಉದ್ದ ಇರಬಹುದು?

ಮಲ್ಲೇಶ್ವರದಿಂದ: ಪತ್ರ ಎ4 ಹಾಳೆಯ ಒಂದು ಮಗ್ಗುಲು ದಾಟಬಾರದು, ನಡೆಯುತ್ತಾ ಓದುವವರು ಅವರು. ಅಕ್ಷರಗಳ ಕೋಷ್ಟಕವನ್ನು "ಚೈನ್‌ಮನ್‌ನ ಅಕ್ಕನ ಸಂಗೀತದ ಪುಸ್ತಕದ ಹಾಳೆ" ಅಂತ ಜೊತೆಗೇ ಕೊಟ್ಟುಬಿಡಿ. ತಿರುಗಿಸಿ ಓದಬೇಕು ಅನ್ನುವುದನ್ನು ಮಾತ್ರ ಕೊಡಬೇಡಿ, ಪತ್ರದಲ್ಲಿ "ಹೋದ ದಾರಿಯಲ್ಲೇ ಹಿಂದಕ್ಕೆ ಬಂದೆ" ಅಂತ ಒಂದು ಸಾಲು ಸೇರಿಸಿ. ಇಡುವ ಮೊದಲು ಕಥೆ ಗೊತ್ತಿಲ್ಲದ ಇಬ್ಬರಿಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ, ಬಾಯಿ ಬಿಡಬೇಡಿ. ಅರ್ಧ ಗಂಟೆಯಲ್ಲಿ ಅವರಿಗೆ ಆ ಸಾಲು ಹೊಳೆಯದಿದ್ದರೆ ಸಾಲು ತಿದ್ದಿ, ಕೋಷ್ಟಕ ಮುಟ್ಟಬೇಡಿ.